ಒಂದು ‘ಬ್ರೇಕ್’, ತಗಾಲೊಗ್‌ನಲ್ಲಿ ಹತ್ತಾರು ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲ್ಲಿ ದೇಶಗಳಲ್ಲಿ, ಹಡಗುಗಳಲ್ಲಿ ಫಿಲಿಪೀನ್ಸ್‌ನವರ ಜೊತೆ ದುಡಿಯುವ ಕನ್ನಡಿಗರು, ವೈದ್ಯಕೀಯ ಓದಲು ಅಲ್ಲಿಗೇ ಹೋಗುವ ಹುಡುಗ ಹುಡುಗಿಯರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಸುಲಭದ್ದು ಮೊದಲು, ವ್ಯಾಕರಣ ಆಮೇಲೆ. ತಗಾಲೊಗ್ ಫಿಲಿಪೀನ್ಸ್‌ನ ಭಾಷೆ. ಅದರ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.

## ಶುರುವಿಗೆ

‘ಬ್ರೇಕ್’ ಅನ್ನೋದಕ್ಕೆ ತಗಾಲೊಗ್‌ನಲ್ಲಿ ಒಂದು ಪದ ಹೇಳಿಬಿಡಿ, ಸಾಕು.

ಒಂದೇ ಪದ ಇಲ್ಲ. ಗಾಜು ಒಡೆದರೆ ‘ಬಾಸಗ್’, ಮೂಳೆ ಮುರಿದರೆ ‘ಬಾಲಿ’, ಫ್ಯಾನು ಕೆಟ್ಟರೆ ‘ಸೀರಾ’, ಹಗ್ಗ ಹರಿದರೆ ‘ಪತಿದ್’, ಫೋನಿನ ಲೈನು ಕಟ್ಟಾದರೆ ‘ಪೂತೊಲ್’. ಈ ಸಾಲನ್ನೇ ಇನ್ನೊಮ್ಮೆ ಓದಿ. ಕನ್ನಡದಲ್ಲೂ ಐದು ಕಡೆ ಐದು ಕ್ರಿಯಾಪದ ಬಂದಿದೆ. ಹಾಗಾಗಿ ಇಂಗ್ಲಿಷ್ ನಿಘಂಟು ತೆರೆದು ಹುಡುಕಬೇಡಿ. ಅದರಲ್ಲಿ ಎಲ್ಲ ಅರ್ಥಗಳೂ ಒಂದೇ ರಾಶಿಯಾಗಿ ಬಿದ್ದಿರುತ್ತವೆ. ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಆ ಕ್ರಿಯಾಪದದಿಂದ ನೇರವಾಗಿ ತಗಾಲೊಗ್‌ಗೆ ಹೋಗಿ. ಹತ್ತರಲ್ಲಿ ಆರೇಳು ಸಲ ಸರಿಯಾದ ಮಾತೇ ಸಿಗುತ್ತದೆ. ಎಲ್ಲಿ ಸಿಗುವುದಿಲ್ಲ ಅನ್ನುವುದನ್ನು ಮುಂದೆ ಹೇಳಿದೆ.

ತಗಾಲೊಗ್ ಬೇರೆ, ಫಿಲಿಪಿನೊ ಬೇರೆಯಾ? ನಾನು ಹೋಗ್ತಿರೋದು ದವಾವ್‌ಗೆ, ಅಲ್ಲಿ ಇದು ನಡೆಯುತ್ತಾ?

ರಾಷ್ಟ್ರಭಾಷೆಗೆ ತಗಾಲೊಗ್ ಆಧಾರವಾಗಲಿ ಎಂದು 1937ರಲ್ಲಿ ಅಧ್ಯಕ್ಷ ಮಾನುಯೆಲ್ ಕೆಝೋನ್ ಘೋಷಿಸಿದರು. 1987ರ ಸಂವಿಧಾನ ಆ ರಾಷ್ಟ್ರಭಾಷೆಯನ್ನು ಫಿಲಿಪಿನೊ ಎಂದು ಕರೆಯಿತು. ದಿನಬಳಕೆಯ ಮಟ್ಟಿಗೆ ಎರಡೂ ಒಂದೇ ಅಂದುಕೊಂಡರೆ ನಷ್ಟವಿಲ್ಲ.

ದವಾವ್, ಸೆಬು ಕಡೆ ಜನ ಮನೆಯಲ್ಲಿ ಆಡುವುದು ಸೆಬುವಾನೊ ಅಥವಾ ಅದಕ್ಕೆ ಹತ್ತಿರದ ಮಾತು. ಅದು ಬೇರೆಯೇ ಭಾಷೆ. ಅಲ್ಲಿ ಗ್ಲಾಸು ಒಡೆದರೆ ‘ನಬುಆಕ್’, ಯಂತ್ರ ಕೆಟ್ಟರೆ ‘ಗುಬಾ’. ತಗಾಲೊಗ್ ಶಾಲೆಯಲ್ಲೂ ಟಿವಿಯಲ್ಲೂ ಬರುವುದರಿಂದ ನೀವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ. ಆದರೆ ಅವರವರೇ ಮಾತಾಡಿಕೊಳ್ಳುವಾಗ ನಿಮಗೆ ಅರ್ಥವಾಗದಿದ್ದರೆ, ಕಲಿತದ್ದು ತಪ್ಪಾಯಿತೇನೋ ಎಂದು ಎದೆಗುಂದಬೇಡಿ.

ಕನ್ನಡದಲ್ಲಿ ಬರೆದಿಟ್ಟುಕೊಂಡು ಓದಿದರೆ ಉಚ್ಚಾರ ಸರಿ ಬರುತ್ತಾ?

ಇಂಗ್ಲಿಷ್ ಅಕ್ಷರ ನೋಡಿ ಓದುವುದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಅವರ ತ, ದ ನಮ್ಮ ತ, ದಗಳ ಹಾಗೆಯೇ. ಟ, ಡ ಬೇಡ. ಮಹಾಪ್ರಾಣ ಇಲ್ಲವೇ ಇಲ್ಲ. ಇನ್ನೊಂದು ಸಂತೋಷದ ಸಂಗತಿಯಿದೆ: ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದೆ ಬಿಟ್ಟ ‘ಙ’ ಇಲ್ಲಿ ಪ್ರತಿ ವಾಕ್ಯಕ್ಕೂ ಬೇಕು. ಹಲ್ಲಿಗೆ ‘ಙೀಪಿನ್’, ಈಗ ಅನ್ನುವುದಕ್ಕೆ ‘ಙಯೋನ್’. ‘ಪಙಾಕೊ’ ಅಂದರೆ ಕೊಟ್ಟ ಮಾತು. ಅದನ್ನು ‘ಪಂಗಾಕೊ’ ಎಂದು ಗಕಾರ ಸೇರಿಸಿ ಓದಬೇಡಿ.

ಕೈಕೊಡುವುದು ಒತ್ತು. ‘ಬಾಸಗ್’ ಎಂದು ಮೊದಲ ಅಕ್ಷರ ಎಳೆದರೆ ಒಡೆಯುವ ಕ್ರಿಯೆ, ‘ಬಸಾಗ್’ ಎಂದು ಕೊನೆಯದನ್ನು ಒತ್ತಿದರೆ ಒಡೆದಿರುವ ಸ್ಥಿತಿ. ‘ಸೀರಾ’ ಹಾನಿ, ‘ಸಿರಾ’ ಕೆಟ್ಟಿರುವುದು. ಎರಡರ ಕೊನೆಯಲ್ಲೂ ಸ್ವರವನ್ನು ಗಂಟಲಲ್ಲೇ ಥಟ್ಟನೆ ನಿಲ್ಲಿಸಬೇಕು. ಅವರ ಬರವಣಿಗೆಯಲ್ಲಿ ಈ ಒತ್ತು ಕಾಣಿಸುವುದಿಲ್ಲ. ಕೇಳಿಯೇ ಕಲಿಯಬೇಕು.

## ಒಡೆಯುವುದು, ಮುರಿಯುವುದು, ಕೆಡುವುದು

ಗ್ಲಾಸಿಗೆ ಒಂದು, ಕೊಂಬೆಗೆ ಇನ್ನೊಂದು. ಯಾವುದಕ್ಕೆ ಯಾವುದು ಅಂತ ಹೇಗೆ ನೆನಪಿಡೋದು?

ನೆಲಕ್ಕೆ ಬಿದ್ದರೆ ಚೂರುಚೂರಾಗುವ ವಸ್ತುಗಳಿಗೆ ಬಾಸಗ್: ಗ್ಲಾಸು, ತಟ್ಟೆ, ಕನ್ನಡಿ, ಹೂಜಿ. ಒಡೆಯುವ ಸಾಮಾನಿಗೆ ಅವರು ‘ಬಬಸಗಿನ್’ ಅನ್ನುವುದು ಇದರಿಂದಲೇ. ಪಿಂಗಾಣಿ ಪಾತ್ರೆ ಕಳಿಸುವ ಪೆಟ್ಟಿಗೆಯ ಮೇಲೆ ಈ ಮಾತು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಉದ್ದವಾಗಿ, ಗಟ್ಟಿಯಾಗಿ ಇದ್ದು ಬಗ್ಗಿಸಿದರೆ ಲಟಕ್ಕನೆ ಮುರಿಯುವಂಥದ್ದಕ್ಕೆ ಬಾಲಿ: ಕೊಂಬೆ, ಕೋಲು, ಪೆನ್ಸಿಲ್, ಮೂಳೆ. ಮುರಿದ ತುದಿ ಇನ್ನೂ ಜೋತಾಡುತ್ತಿದ್ದರೂ ‘ನಬಾಲಿ’ಯೇ. ಪೂರ್ತಿ ಬೇರೆಯಾಗಿ ಎರಡು ತುಂಡಾದರೆ ‘ನಪೂತೊಲ್’. ಕನ್ನಡದ ಒಡೆ ಮತ್ತು ಮುರಿ ಈ ಎರಡಕ್ಕೆ ಹೆಚ್ಚುಕಡಿಮೆ ಹಾಗೇ ಹೊಂದುತ್ತವೆ. ಬಿಸ್ಕತ್ತು ಪುಡಿಪುಡಿಯಾದರೆ ಮಾತ್ರ ‘ನದೂರೊಗ್’.

ಅಡುಗೆಮನೇಲಿ ತೆಂಗಿನಕಾಯಿ ಒಡೀಬೇಕು ಅನ್ನೋಕೆ ಬಾಸಗ್ ಅಂದೆ, ಎಲ್ಲರೂ ನಕ್ಕರು. ಯಾಕೆ?

ಬಾಸಗ್ ಅಂದಾಗ ಅವರ ಕಣ್ಣಿಗೆ ಬರುವುದು ಕಾಯಿ ಕುಟ್ಟಿ ಚೂರು ಮಾಡುವ ಚಿತ್ರ. ಎರಡು ಹೋಳಾಗಿ ಬಿಚ್ಚುವುದಕ್ಕೆ ‘ಬಿಯಾಕ್’. ‘ಬಿಯಾಕಿನ್ ಅಙ್ ನಿಯೋಗ್’, ತೆಂಗಿನಕಾಯಿ ಹೋಳು ಮಾಡು. ನಮ್ಮ ಒಂದು ‘ಒಡೆ’ ಅಲ್ಲಿ ಮೂರು ನಾಲ್ಕಾಗಿ ಸೀಳುವುದು ಇಂಥ ಕಡೆಗಳಲ್ಲೇ. ಕಾಯಿ ಒಡೆಯುವುದು ಬಿಯಾಕ್, ಸೌದೆ ಒಡೆಯುವುದು ‘ಸಿಬಾಕ್’, ಬಲೂನು ಅಥವಾ ಟೈರು ಒಡೆಯುವುದು ‘ಪುತೋಕ್’.

ಕಾಯಿ ಒಡೆದ ಮೇಲಿನ ಕೆಲಸದ ಮಾತುಗಳನ್ನೂ ಇದರ ಜೊತೆಗೇ ಕಲಿತುಬಿಡಿ. ಕರಾವಳಿಯವರಿಗಂತೂ ಮನೆಗೆ ಹೋದಂತಾಗುತ್ತದೆ. ‘ಕುದ್ಕುರಾನ್’ ಅಂದರೆ ತುರಿಮಣೆ. ತಗ್ಗಾದ ಮಣೆ, ಮುಂದಕ್ಕೆ ಚಾಚಿದ ಹಲ್ಲು ಹಲ್ಲಿನ ಕಬ್ಬಿಣದ ತುದಿ, ಮಣೆಯ ಮೇಲೆ ಕೂತು ಹೋಳನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ತುರಿಯುವುದು, ಎಲ್ಲ ನಮ್ಮಲ್ಲಿಯ ಹಾಗೆಯೇ. ತುರಿದದ್ದನ್ನು ಹಿಂಡುವುದು ‘ಪಿಗಾ’, ಬರುವ ಹಾಲು ‘ಗತಾ’, ನೀರು ಹಾಕದೆ ಹಿಂಡಿದ ಮೊದಲ ಗಟ್ಟಿ ಹಾಲು ‘ಕಕಾಙ್ ಗತಾ’.

ಇದೇ ಬಿಯಾಕ್‌ನಿಂದ ಒಂದು ಚಂದದ ನುಡಿಗಟ್ಟು ಬಂದಿದೆ: ‘ಪಿನಗ್‌ಬಿಯಾಕ್ ನ ಬೂಙ’. ಹೋಳು ಮಾಡಿದ ಹಣ್ಣು ಎಂದರ್ಥ. ನಾವು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದಾರೆ ಅನ್ನುವ ಅಮ್ಮ ಮಗಳನ್ನೋ ಅಣ್ಣ ತಮ್ಮನನ್ನೋ ಕಂಡಾಗ ಅವರು ಹೀಗನ್ನುತ್ತಾರೆ.

ಹಗ್ಗ ಹರಿಯಿತು, ಬಟ್ಟೆ ಹರಿಯಿತು. ಕನ್ನಡದಲ್ಲಿ ‘ಹರಿ’ ಒಂದೇ ಸಾಕು, ಅಲ್ಲಿ?

ಸಾಲದು. ಹಗ್ಗ, ದಾರ, ಸರ ಹರಿದರೆ ಪತಿದ್ ಅಥವಾ ‘ಲಗೊತ್’. ಬಟ್ಟೆ, ಕಾಗದ ಹರಿದರೆ ‘ಪೂನಿತ್’. ಹೊಲಿಗೆ ಬಿಟ್ಟುಕೊಂಡರೆ, ಹವಾಯಿ ಚಪ್ಪಲಿಯ ಬಾರು ಕಿತ್ತುಬಂದರೆ ‘ಪಿಗ್ತಾಸ್’. ‘ನಪಿಗ್ತಾಸ್ ಅಙ್ ತ್ಸಿನೇಲಸ್ ಕೊ’, ನನ್ನ ಚಪ್ಪಲಿ ಕಿತ್ತುಹೋಯಿತು. ಮಳೆಗಾಲದಲ್ಲಿ ತಪ್ಪದೆ ಬೇಕಾಗುವ ವಾಕ್ಯ.

ಪತಿದ್‌ಗೆ ಎಡವುವುದು ಎಂಬ ಅರ್ಥವೂ ಇದೆ. ‘ನಪತಿದ್ ಅಕೊ’ ಅಂದವರ ಹಗ್ಗ ಹರಿದಿಲ್ಲ, ಕಾಲಿಗೆ ಏನೋ ತಾಗಿ ಮುಗ್ಗರಿಸಿದ್ದಾರೆ. ದಾಹ ತಣಿಸುವ ಪಾನೀಯ ‘ಪಮತಿದ್-ಊಹವ್’, ಬಾಯಾರಿಕೆಯನ್ನು ಕಡಿದುಹಾಕುವಂಥದ್ದು.

ಫ್ಯಾನ್, ಬೈಕ್, ಹಾಲು, ಅನ್ನ ಎಲ್ಲದಕ್ಕೂ ‘ಕೆಟ್ಟಿದೆ’ ಅಂತೀವಿ. ಅಲ್ಲೂ ಹಾಗೇನಾ?

ಬಹಳ ಮಟ್ಟಿಗೆ ಹಾಗೇ. ಕನ್ನಡದ ‘ಕೆಡು’ ಮತ್ತು ತಗಾಲೊಗ್‌ನ ‘ಸೀರಾ’ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳಿಂದ ಬಂದಿದ್ದರೂ ಜೊತೆಜೊತೆಯಾಗಿ ನಡೆಯುತ್ತವೆ. ಫ್ಯಾನು ಕೆಟ್ಟಿದೆ: ‘ಸಿರಾ ಪೊ ಅಙ್ ಬೆಂತಿಲದೊರ್’. ಹಾಲು ಕೆಟ್ಟಿದೆ: ‘ಸಿರಾ ನಾ ಅಙ್ ಗಾತಸ್’. ಹೆಸರು ಕೆಡಿಸುವುದು: ‘ಪನಿನಿರಙ್-ಪುರಿ’. ಪದೇ ಪದೇ ಕೈಕೊಡುವ ಗಾಡಿ ‘ಸಿರಾಇನ್’. ಹೇಳಿದ್ದನ್ನೇ ಹೇಳುವವರನ್ನು ‘ಸಿರಙ್ ಪ್ಲಾಕ’ ಅನ್ನುತ್ತಾರೆ, ಕೆಟ್ಟ ಗ್ರಾಮಫೋನ್ ಪ್ಲೇಟು.

ಆಹಾರದಲ್ಲಿ ಮಾತ್ರ ಎಚ್ಚರ. ಅನ್ನ, ಸಾರು ಹಳಸಿದರೆ ‘ಪಾನಿಸ್’, ಹಣ್ಣು ತರಕಾರಿ ಕೊಳೆತರೆ ‘ಬುಲೋಕ್’, ಮೊಟ್ಟೆ ಕೆಟ್ಟರೆ ‘ಬುಗೋಕ್’. ಹಳಸು, ಕೊಳೆ ಎಂದು ನಾವೂ ಬೇರೆ ಮಾಡುತ್ತೇವೆ, ಆದ್ದರಿಂದ ಕಷ್ಟವಾಗದು.

ರಿಪೇರಿಯವರ ಹತ್ತಿರ ಹೋದಾಗ ಸಿರಾ ಎಂದಷ್ಟೇ ಹೇಳಿದರೆ ಏನು ಕೆಟ್ಟಿದೆ ಎಂದು ಅವರಿಗೆ ತಿಳಿಯದು. ಸ್ಟಾರ್ಟ್ ಆಗುತ್ತಿಲ್ಲ ಅನ್ನಲು ‘ಅಯಾವ್ ಉಮಂದಾರ್’ ಅನ್ನಿ. ಅಕ್ಷರಶಃ, ಓಡಲು ಅದಕ್ಕೆ ಮನಸ್ಸಿಲ್ಲ. ಗಾಡಿ ರಿಪೇರಿ ಅಂಗಡಿ ‘ತಲ್ಯೇರ್’. ಪಂಕ್ಚರ್ ಹಾಕುವಲ್ಲಿ ಹೊರಗೆ ‘ವಲ್ಕನೈಸಿಂಗ್’ ಎಂಬ ಬೋರ್ಡು ಇರುತ್ತದೆ.

ಪೂರ್ತಿ ಒಡೆದಿಲ್ಲ, ಬರೀ ಬಿರುಕು ಬಿಟ್ಟಿದೆ ಅನ್ನೋದು ಹೇಗೆ?

ಪಿಂಗಾಣಿ, ಗಾಜಿನಲ್ಲಿ ಕೂದಲೆಳೆಯಂಥ ಬಿರುಕಿಗೆ ‘ಲಾಮತ್’. ಗೋಡೆ, ಒಣಗಿದ ಗದ್ದೆ ಬಿರಿದರೆ ‘ಬಿತಾಕ್’. ಬಟ್ಟಲಿನ ಅಂಚು ಚಕ್ಕೆ ಎದ್ದಿದ್ದರೆ ‘ಪಿಙಾಸ್’. ಸಂಬಂಧದಲ್ಲಿ ಬಿರುಕು ಅನ್ನುವುದಕ್ಕೂ ಲಾಮತ್ ಸಲ್ಲುತ್ತದೆ.

## ‘ನಾನು ಒಡೆದೆ’ಯ ವ್ಯಾಕರಣ

ಕೈ ಜಾರಿ ಗ್ಲಾಸ್ ಬಿತ್ತು. ‘ಬಿನಾಸಗ್ ಕೊ’ ಅಂದೆ, ಮೇಡಂ ಮುಖ ಕಪ್ಪಿಟ್ಟಿತು. ತಪ್ಪೇನು ಹೇಳಿದೆ?

ಬೇಕೆಂದೇ ಒಡೆದುಹಾಕಿದೆ ಎಂದಿರಿ. ಮನೆಗೆಲಸ, ಹೋಟೆಲ್ ಕೆಲಸದಲ್ಲಿರುವವರು ಮೊಟ್ಟಮೊದಲು ಗಟ್ಟಿಮಾಡಿಕೊಳ್ಳಬೇಕಾದ ವ್ಯತ್ಯಾಸ ಇದು. ತಗಾಲೊಗ್ ಕ್ರಿಯಾಪದ ಯಾರು ಮಾಡಿದರು ಅನ್ನುವುದರ ಜೊತೆಗೆ ಬೇಕೆಂದು ಮಾಡಿದ್ದೋ ತಾನಾಗಿ ಆದದ್ದೋ ಎನ್ನುವುದನ್ನೂ ತನ್ನ ರೂಪದಲ್ಲೇ ಹೇಳಿಬಿಡುತ್ತದೆ.

‘ನಬಾಸಗ್ ಅಙ್ ಬಾಸೊ’: ಗ್ಲಾಸು ಒಡೆದುಹೋಯಿತು. ಮಾಡಿದವರ ಸುದ್ದಿಯೇ ಇಲ್ಲ.

‘ನಬಾಸಗ್ ಕೊ ಪೊ ಅಙ್ ಬಾಸೊ’: ನನ್ನ ಕೈಯಿಂದ ಗ್ಲಾಸು ಒಡೆದುಹೋಯಿತು. ಹೊಣೆ ನನ್ನದು, ಉದ್ದೇಶ ನನ್ನದಲ್ಲ. ನೀವು ಹೇಳಬೇಕಿದ್ದದ್ದು ಇದು.

‘ಬಿನಾಸಗ್ ಕೊ ಅಙ್ ಬಾಸೊ’: ಗ್ಲಾಸು ಒಡೆದುಹಾಕಿದೆ.

‘ನಕಬಾಸಗ್ ಪೊ ಅಕೊ ನಙ್ ಬಾಸೊ’: ನನ್ನಿಂದ ಗ್ಲಾಸೊಂದು ಒಡೆಯಿತು. ಇಲ್ಲೂ ಅಚಾತುರ್ಯವೇ, ಆದರೆ ಯಾವ ಗ್ಲಾಸು ಎಂದು ಕೇಳುವವರಿಗೆ ಮೊದಲೇ ಗೊತ್ತಿಲ್ಲ. ಎದುರಿಗೇ ಚೂರು ಬಿದ್ದಿದ್ದರೆ ಎರಡನೆಯ ವಾಕ್ಯ, ಒಳಗಿಂದ ಬಂದು ಸುದ್ದಿ ಮುಟ್ಟಿಸುವುದಾದರೆ ಈ ನಾಲ್ಕನೆಯದು.

ಕನ್ನಡದ ‘ಒಡೆದುಹೋಯಿತು’ ಮತ್ತು ‘ಒಡೆದುಹಾಕಿದೆ’ ನೆನಪಿಟ್ಟುಕೊಳ್ಳಿ. ‘ಹೋಗು’ ಬರುವ ಕಡೆ ಅವರಲ್ಲಿ ‘ನ’, ‘ಹಾಕು’ ಬರುವ ಕಡೆ ನಡುವೆ ‘ಇನ್’ ತೂರಿಕೊಂಡ ‘ಬಿನಾಸಗ್’. ‘ಪೊ’ ಗೌರವದ ಮಾತು. ದೊಡ್ಡವರಿಗೂ ಅಪರಿಚಿತರಿಗೂ ಅದನ್ನು ಬಿಡದೆ ಸೇರಿಸಿ. ನಾವು ನೀನು ಬಿಟ್ಟು ನೀವು ಅನ್ನುವಂತೆ ಅವರೂ ‘ಇಕಾವ್’ ಬಿಟ್ಟು ‘ಕಯೊ’ ಅನ್ನುತ್ತಾರೆ.

ಒಡೆಯುತ್ತಿದೆ, ಒಡೆಯುತ್ತದೆ, ಈಗಷ್ಟೇ ಒಡೆಯಿತು. ಇವನ್ನು ಹೇಗೆ ಹೇಳೋದು?

ಮೊದಲ ಅಕ್ಷರ ಇಮ್ಮಡಿಸಿ. ಮುಗಿದದ್ದು ‘ನಬಾಸಗ್’, ನಡೆಯುತ್ತಿರುವುದು ‘ನಬಬಾಸಗ್’, ಇನ್ನು ಆಗಬೇಕಾದ್ದು ‘ಮಬಬಾಸಗ್’. ಈಗಷ್ಟೇ ಆದದ್ದಕ್ಕೆ ‘ಕಬಬಾಸಗ್ ಲಙ್’. ಬಾಲಿ, ಸೀರಾ, ಪೂನಿತ್ ಎಲ್ಲಕ್ಕೂ ಇದೇ ಅಚ್ಚು.

ಬಸ್ ಕೆಟ್ಟು ನಿಂತರೆ ‘ನಸಿರಾಅನ್ ಕಮಿ’ ಅಂತಾರೆ. ಕೆಟ್ಟಿದ್ದು ಬಸ್ಸಲ್ವಾ, ‘ನಾವು’ ಹೇಗೆ ಬಂತು?

ಕೊನೆಯಲ್ಲಿ ‘ಅನ್’ ಸೇರಿದರೆ ನಷ್ಟ ಯಾರಿಗಾಯಿತೋ ಅವರು ಮುಂದೆ ಬಂದು ನಿಲ್ಲುತ್ತಾರೆ. ‘ನಸಿರಾಅನ್ ಕಮಿ’, ದಾರಿಯಲ್ಲಿ ನಮ್ಮ ಗಾಡಿ ಕೆಟ್ಟಿತು. ಗಾಡಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ‘ನಬಲಿಅನ್ ಸಿಯಾ ನಙ್ ಬೂತೊ’, ಅವನ ಮೂಳೆ ಮುರಿಯಿತು. ‘ನಪುತೂಲನ್ ಕಮಿ ನಙ್ ಕುರ್ಯೇಂತೆ’, ಬಿಲ್ಲು ಕಟ್ಟದ್ದಕ್ಕೆ ನಮ್ಮ ಮನೆಯ ಕರೆಂಟು ಕಿತ್ತರು. ಇಡೀ ಬೀದಿಗೆ ಕರೆಂಟು ಹೋಗಿದ್ದರೆ ಹೀಗೆ ಹೇಳಬೇಡಿ, ಬಾಕಿದಾರರಾಗುತ್ತೀರಿ. ಅದಕ್ಕೆ ‘ಬ್ರೌನೌಟ್’ ಎಂಬ ಮಾತೇ ಬಳಕೆಯಲ್ಲಿದೆ.

‘ನಸಿರಾಅನ್ ನಙ್ ಬಾಇತ್’ ಅಂದರೆ ಬುದ್ಧಿ ಕೆಟ್ಟಿತು, ಹುಚ್ಚು ಹಿಡಿಯಿತು. ಗಾಡಿಯ ಸುದ್ದಿ ಹೇಳುವಾಗ ಕೊನೆಯ ಎರಡು ಪದ ಸೇರಿಸಬೇಡಿ.

## ಒಡೆಯದ ‘ಬ್ರೇಕ್’ಗಳು

ಕೆಲಸದ ನಡುವೆ ಬ್ರೇಕ್ ತಗೊಳ್ಳೋಣ ಅನ್ನೋಕೆ?

‘ಪಹಿಙಾ ಮೂನಾ ತಾಯೊ’, ಸ್ವಲ್ಪ ಸುಧಾರಿಸಿಕೊಳ್ಳೋಣ. ‘ಹಿಙಾ’ ಅಂದರೆ ಉಸಿರು, ‘ಪಹಿಙಾ’ ಅಂದರೆ ಉಸಿರಾಡಲು ಬಿಡುವುದು. ತಿಂಡಿಯ ವಿರಾಮ ‘ಮೆರ್ಯೆಂದಾ’, ಸ್ಪ್ಯಾನಿಷರಿಂದ ಬಂದದ್ದು. ಬೆಳಗಿನ ತಿಂಡಿಗೆ ‘ಅಲ್ಮುಸಾಲ್’ ಅಥವಾ ‘ಅಗಾಹನ್’. ‘ಮಗ್-ಬ್ರೇಕ್ ಮೂನಾ’ ಎಂಬ ಕಲಬೆರಕೆಯೂ ಆಫೀಸುಗಳಲ್ಲಿ ಧಾರಾಳವಾಗಿ ನಡೆಯುತ್ತದೆ.

ಐನೂರರ ನೋಟು ಮುರಿಸಬೇಕು. ಇದಕ್ಕೂ ‘ಬಾಲಿ’ನಾ?

ಅಲ್ಲ. ನೋಟು ಮುರಿಸುವುದು ಕನ್ನಡದ ಮಾತು. ತಗಾಲೊಗ್‌ನಲ್ಲಿ ಬಾಲಿ ಅಂದರೆ ಯಾರಿಗೂ ಅರ್ಥವಾಗದು. ಇನ್ನೂ ಕೆಟ್ಟದ್ದೆಂದರೆ ‘ಬಾಲೆ’ ಎಂದು ಕೇಳಿಸೀತು, ಅದು ಸಂಬಳದ ಮುಂಗಡ. ‘ಪಪಲಿತ್ ಪೊ’ ಅನ್ನಿ, ಬದಲಿಸಿಕೊಡಿ ಎಂದರ್ಥ. ನಾಣ್ಯವೇ ಬೇಕಿದ್ದರೆ ‘ಪಬರ್ಯಾ ಪೊ’.

ನಮ್ಮ ‘ಚಿಲ್ಲರೆ’ ಅಲ್ಲಿ ಎರಡಾಗುತ್ತದೆ. ಕೈಯಲ್ಲಿರುವ ಬಿಡಿ ಕಾಸು ‘ಬರ್ಯಾ’, ಅಂಗಡಿಯವರು ವಾಪಸು ಕೊಡಬೇಕಾದದ್ದು ‘ಸುಕ್ಲಿ’. ಜೀಪ್ನಿಗಳಲ್ಲಿ, ಅಂದರೆ ಜನ ಹಂಚಿಕೊಂಡು ಓಡಾಡುವ ಜೀಪಿನಂಥ ಬಾಡಿಗೆ ಗಾಡಿಗಳಲ್ಲಿ, ಡ್ರೈವರ್ ಹತ್ತಿರ ‘ಬರ್ಯಾ ಲಙ್ ಪೊ ಸ ಉಮಾಗ’ ಎಂದು ಬರೆದಿರುವುದನ್ನು ಕಾಣುತ್ತೀರಿ: ಬೆಳಗಿನ ಹೊತ್ತು ದಯವಿಟ್ಟು ಚಿಲ್ಲರೆಯೇ ಕೊಡಿ. ಮೊದಲ ಟ್ರಿಪ್ಪುಗಳಲ್ಲಿ ಅವರ ಬಳಿ ಕಾಸು ಕೂಡಿರುವುದಿಲ್ಲ. ಆಗ ಸಾವಿರ ಪೆಸೊ ನೋಟು ಚಾಚಿದರೆ ಇಬ್ಬರಿಗೂ ಪೇಚು.

ಗಾಡಿಯ ಬ್ರೇಕ್‌ಗೂ ಇದೇ ಪದಗಳಾ?

ಅಲ್ಲ, ಕನ್ನಡದಲ್ಲಿ ಎರಡನ್ನೂ ‘ಬ್ರೇಕ್’ ಎಂದೇ ಬರೆಯುವುದರಿಂದ ಈ ಗೊಂದಲ. ಗಾಡಿಯದ್ದು ‘ಪ್ರೇನೊ’. ಬ್ರೇಕ್ ಫೇಲಾಯಿತು: ‘ನವಲಾನ್ ನಙ್ ಪ್ರೇನೊ’. ಬಾಯಿಗೆ ಬ್ರೇಕಿಲ್ಲ ಅನ್ನುವುದನ್ನು ಮಾತ್ರ ಹಾಗೇ ಎತ್ತಿ ಹೇಳಬಹುದು: ‘ವಲಙ್ ಪ್ರೇನೊ ಅಙ್ ಬಿಬಿಗ್’.

ಮಾತು ಮುರಿಯೋದು, ಕಾನೂನು ಮುರಿಯೋದು, ಸಂಬಂಧ ಮುರಿಯೋದು?

ಮೂರಕ್ಕೂ ‘ಮುರಿ’ ಬಿಟ್ಟುಬಿಡಿ. ಕೊಟ್ಟ ಮಾತಿಗೆ ತಪ್ಪಿದರೆ ‘ಸುಮೀರಾ ಸ ಪಙಾಕೊ’, ಅಲ್ಲಿ ಮಾತು ಮುರಿಯುವುದಿಲ್ಲ, ಕೆಡುತ್ತದೆ. ನಡೆಸಿಕೊಡಲಿಲ್ಲ ಎಂದು ಮೆತ್ತಗೆ ಹೇಳಲು ‘ಹಿಂದೀ ತುಮುಪಾದ್’. ಇಲ್ಲಿಯ ‘ಹಿಂದೀ’ಗೂ ಹಿಂದಿ ಭಾಷೆಗೂ ಸಂಬಂಧವಿಲ್ಲ, ಅದು ಅವರ ‘ಇಲ್ಲ, ಅಲ್ಲ’. ಕಾನೂನು ಮುರಿದರೆ ‘ಲುಮಾಬಗ್ ಸ ಬತಾಸ್’.

ಪ್ರೀತಿ ಮುರಿದರೆ ‘ನಗ್-ಬ್ರೇಕ್ ಸಿಲಾ’ ಎಂದು ಇಂಗ್ಲಿಷನ್ನೇ ಬೆರೆಸುತ್ತಾರೆ. ಗಂಡ ಹೆಂಡಿರಾದರೆ ‘ನಗ್‌ಹಿವಲಾಯ್’, ಬೇರೆಯಾದರು. ಅದನ್ನು ವಿಚ್ಛೇದನ ಎಂದು ಅನುವಾದಿಸಬೇಡಿ. ಮುಸ್ಲಿಮರಿಗೆ ಪ್ರತ್ಯೇಕ ಕಾನೂನಿದೆ, ಉಳಿದವರಿಗೆ ಆ ದೇಶದಲ್ಲಿ ಸಾಮಾನ್ಯ ವಿಚ್ಛೇದನ ಕಾನೂನಿಲ್ಲ. ಬೇರೆ ಬೇರೆ ಮನೆಯಲ್ಲಿ ವರ್ಷಗಟ್ಟಲೆ ಇದ್ದರೂ ದಾಖಲೆಯಲ್ಲಿ ದಂಪತಿಗಳಾಗಿಯೇ ಉಳಿದವರು ಬಹಳ ಮಂದಿ.

‘ಸಿರಾ-ಉಲೊ’, ‘ಬಾಸಗ್-ಉಲೊ’ ಎರಡೂ ಒಂದೇನಾ? ಗೆಳೆಯರು ತಮಾಷೆಗೆ ಅಂತಾರೆ, ನಾನೂ ಅನ್ನಬಹುದಾ?

ಉಲೊ ಅಂದರೆ ತಲೆ. ಸಿರಾ-ಉಲೊ, ತಲೆ ಕೆಟ್ಟವನು. ಬಾಸಗ್-ಉಲೊ, ತಲೆ ಒಡೆದುಕೊಳ್ಳುವಂಥ ಹೊಡೆದಾಟ. ಸದಾ ಜಗಳಕ್ಕೆ ನಿಲ್ಲುವವನು ‘ಬಸಗುಲೆರೊ’. ಮೊದಲನೆಯದು ಸಲುಗೆಯವರ ನಡುವೆ ನಗೆಮಾತು, ಹೊರಗಿನವರ ಬಾಯಲ್ಲಿ ನೇರ ಬೈಗುಳ. ನೀವು ಅನ್ನದಿರುವುದೇ ಒಳ್ಳೆಯದು. ‘ಲಗೊತ್ ಕ!’ ಧೈರ್ಯವಾಗಿ ಬಳಸಿ. ಹಗ್ಗ ಹರಿಯುವ ಅದೇ ಲಗೊತ್, ಇಲ್ಲಿ ‘ಸಿಕ್ಕಿಬಿದ್ದೆ ನೋಡು!’

## ಆಸ್ಪತ್ರೆಯಲ್ಲಿ, ಸುದ್ದಿಯಲ್ಲಿ

ನರ್ಸಿಂಗ್, ಮೆಡಿಕಲ್ ಓದೋರಿಗೆ ಮೂಳೆ ಮುರಿತದ ಬಗ್ಗೆ ಏನು ಗೊತ್ತಿರಬೇಕು?

ರೋಗಿ ಹೇಳುವುದು ‘ನಬಲಿಅನ್ ಪೊ ಅಕೊ ನಙ್ ಬ್ರಾಸೊ’. ಕನ್ನಡದಲ್ಲಿ ಭುಜದಿಂದ ಬೆರಳ ತುದಿಯವರೆಗೂ ಕೈ. ಅಲ್ಲಿ ತೋಳು ‘ಬ್ರಾಸೊ’, ಅಂಗೈ ಬೆರಳುಗಳ ಭಾಗ ‘ಕಮಾಯ್’. ಕಾಲೂ ಹಾಗೇ: ತೊಡೆ ‘ಹೀತಾ’, ಮೊಣಕಾಲ ಕೆಳಗೆ ‘ಬಿಂತಿ’, ಪಾದ ‘ಪಅ’. ಕೇಸ್ ಶೀಟಿನಲ್ಲಿ ಇವು ಅದಲುಬದಲಾದರೆ ಎಕ್ಸ್‌ರೇ ಬೇರೆ ಜಾಗದ್ದು ಬರುತ್ತದೆ.

‘ಪೀಲಾಯ್’ ಅಂದರೆ ಸಾಮಾನ್ಯವಾಗಿ ಉಳುಕು. ಆದರೆ ಮೂಳೆ ಮುರಿದವರೂ ಒಮ್ಮೊಮ್ಮೆ ಹಾಗೇ ಹೇಳಿಕೊಂಡು, ಮೊದಲು ‘ಮಙ್‌ಹಿಹೀಲೊತ್’ ಹತ್ತಿರ, ಅಂದರೆ ನೀವಿ ಸರಿಮಾಡುವ ನಾಟಿ ವೈದ್ಯರ ಹತ್ತಿರ, ಹೋಗಿ ತೋರಿಸಿಕೊಂಡು ಬಂದಿರುತ್ತಾರೆ. ಆ ಮಾತು ಕೇಳಿ ಮುರಿತ ಇಲ್ಲವೆಂದು ತೀರ್ಮಾನಿಸಬೇಡಿ. ‘ನಗ್‌ಪಹೀಲೊತ್ ನಾ ಪೊ ಬಾ ಕಯೊ?’ ಎಂದು ಕೇಳಿ: ಆಗಲೇ ನೀವಿಸಿಕೊಂಡಿರಾ? ಜ್ವರ ಬಿಟ್ಟಿತು ಅನ್ನಲು ‘ಬುಮಬಾ ನಾ ಅಙ್ ಲಗ್ನಾತ್’, ಜ್ವರ ಇಳಿಯಿತು.

ಸುದ್ದಿಯಲ್ಲಿ ‘ನಲಗುತಾನ್ ನಙ್ ಹಿನಿಙಾ’ ಅಂತ ಓದಿದೆ. ಏನು ಹರಿಯಿತು?

ಉಸಿರು. ಲಗೊತ್‌ಗೆ ‘ಅನ್’ ಸೇರಿ, ಉಸಿರಿನ ಎಳೆ ಕಡಿದುಹೋಯಿತು, ಪ್ರಾಣ ಹೋಯಿತು ಎಂದಾಗುತ್ತದೆ. ಅಪಘಾತ, ಪೊಲೀಸ್ ವರದಿಗಳಲ್ಲಿ ಇದು ಮಾಮೂಲು. ಸತ್ತವರ ಮನೆಯವರ ಎದುರು ಇದನ್ನು ಆಡಬೇಡಿ, ಉಸಿರು ನಿಂತ ಕ್ಷಣವನ್ನೇ ಕಣ್ಣಿಗೆ ಕಟ್ಟಿಸುವ ಮಾತು. ಅಲ್ಲಿ ‘ಪುಮಾನವ್ ನಾ ಪೊ’ ಅನ್ನಿ, ತೀರಿಕೊಂಡರು. ಮನೆಯವರು ತಾವಾಗಿ ಹೇಳುವುದು ಇನ್ನೂ ಚಿಕ್ಕದು: ‘ವಲಾ ನಾ ಸಿಯಾ’, ಅವರು ಇನ್ನಿಲ್ಲ.